ಶಾಮೀದಸಾಬ ಉರ್ದುವಿಗೆ ತಿರುಗಿಸಿದ ಮಾತು

ಕೊಪ್ಪಳದಲ್ಲಿ ನ್ಯಾಯ ಕೇಳುವ ಮುನಸಫರ ಕಚೇರಿಯ ಎದುರು, ನನ್ನ ಚಹಾದಂಗಡಿಯ ಕಟ್ಟೆಯ ಮೇಲೆ ಕೂತು ಅರ್ಜಿ ಬರೆಯುತ್ತಿದ್ದ ಶಾಮೀದಸಾಬನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ನಿಜಾಮರ ರಾಜ್ಯ, ಕಚೇರಿಯ ಕಾರಭಾರವೆಲ್ಲ ಉರ್ದುವಿನಲ್ಲಿ. ನಮ್ಮ ಜನಕ್ಕೆ ಉರ್ದು ಎಲ್ಲಿಂದ ಬರಬೇಕು? ಮನೆ ಬಿಡಿಸಬೇಕೆಂದು ಮಾಲೀಕ ಬಂದರೂ ಅವನೇ ಗತಿ, ಬಿಡುವುದಿಲ್ಲವೆಂದು ಬಾಡಿಗೆಯವ ಬಂದರೂ ಅವನೇ. ಆದರೆ ಬರೆಯುವ ಮೊದಲು ಇಬ್ಬರನ್ನೂ ಎದುರುಬದುರು ಕೂರಿಸಿ ವಾಚಾಮಗೋಚರ ಬೈಯುತ್ತಿದ್ದ.

"ದಿನಾ ಮಾರಿ ನೋಡೋರು ನೀವು, ಕಚೇರಿ ಮೆಟ್ಟಲಾ ಹತ್ತಾಕ ನಾಚಿಕಿ ಬರಾಂಗಿಲ್ಲೇನು?"

ಬೈಸಿಕೊಂಡವರು ಎಷ್ಟೋ ಸಲ ನನ್ನ ಚಹಾ ಕುಡಿದು, ರಾಜಿಯಾಗಿ ಮನೆಗೆ ಹೋಗುತ್ತಿದ್ದರು. ಹೀಗಾದರೆ ಅವನ ಗಳಿಕೆ ಎಲ್ಲಿಂದ ಬರಬೇಕು ಹೇಳಿ!

ಗಾಳೆಮ್ಮ ಅಳುತ್ತ ಅವನ ಬಳಿ ಬಂದದ್ದು ದೊಡ್ಡ ಯುದ್ಧ ನಡೆದಿದ್ದ ಕಾಲದಲ್ಲಿ. ಕೌದಿ ಹೊಲಿದು ಹೊಟ್ಟೆ ಹೊರೆಯುತ್ತಿದ್ದ ವಿಧವೆ, ಮಕ್ಕಳಿರಲಿಲ್ಲ. ಹುಚ್ಚೀರಪ್ಪನ ಮನೆಗೆ ಹೊಂದಿಕೊಂಡಿದ್ದ ಅವನದೇ ಸಣ್ಣ ಮನೆಯಲ್ಲಿ ಬಾಡಿಗೆಗಿದ್ದಳು; ಮದುವೆಯಾಗಿ ಬಂದು ಕಾಲಿಟ್ಟದ್ದೂ ಅಲ್ಲಿಗೇ. ಹುಚ್ಚೀರಪ್ಪನ ಹೆಂಡತಿ ಹುಲಿಗವ್ವನಿಗೂ ಅವಳಿಗೂ ಬಿಟ್ಟಿರಲಾರದ ಗೆಳೆತನ. ಹುಲಿಗವ್ವನ ಮಕ್ಕಳು ಆಡಿ ಬೆಳೆದದ್ದೇ ಗಾಳೆಮ್ಮನ ಕೌದಿಗಳ ಮೇಲೆ.

ಹುಣ್ಣಿಮೆಗೆ ದೇವಿಯ ದರ್ಶನಕ್ಕೆಂದು ಹುಲಿಗಿಗೆ ಹೊರಟಾಗ ಗಾಳೆಮ್ಮ ಎಂದಿನಂತೆ ಕೀಲಿಕೈಯನ್ನು ಹುಲಿಗವ್ವನಿಗೆ ಕೊಟ್ಟು ಹೋದಳು. ಮನೆಯವರು ಊರಲ್ಲಿರದಿದ್ದರೂ ಮುಸ್ಸಂಜೆಗೆ ಮನೆ ಕತ್ತಲಿರಬಾರದು; ದೀಪ ಹಚ್ಚಲೆಂದು ನೆರೆಯವರ ಕೈಗೆ ಕೀಲಿಕೈ ಕೊಡುವುದು ನಮ್ಮ ಓಣಿಯ ರೂಢಿ. ದೇವಿಗೆ ಉಡಿ ತುಂಬಿ ಮರಳಿ ಬಂದರೆ ಮನೆಯ ತುಂಬ ಹತ್ತಿ! ಅವಳ ಪಾತ್ರೆ, ಕೌದಿ ಎಲ್ಲ ಅಂಗಳದಲ್ಲಿ. ಹತ್ತಿ ತುಂಬಲು ಜಾಗ ಹುಡುಕುತ್ತಿದ್ದ ಹುಚ್ಚೀರಪ್ಪ, "ಕೀಲಿಕೈ ಕೊಟ್ಟ ಹೋದ್ಲು ಅಂದಮ್ಯಾಲ ಮನಿ ಬಿಟ್ಟಂಗ ಆತು" ಎಂದುಬಿಟ್ಟ. ಎಂಥ ನಾಲಿಗೆಯಪ್ಪ ಅದು!

ಶಾಮೀದಸಾಬ ಅವನನ್ನು ಕರೆಸಿ ಬೈದ, ಕೊನೆಗೆ ಬೇಡಿಕೊಂಡ. ಆಸಾಮಿ ಜಗ್ಗಲಿಲ್ಲ. ದಾವೆ ಹೂಡಿದ್ದಾಯಿತು.

"ದೀಪಾ ಹಚ್ಚಾಕ ಕೊಟ್ಟಿದ್ಲು ಅಂತ ಹುಲಿಗವ್ವ ಒಂದ ಮಾತು ಹೇಳಿದ್ರ ಸಾಕು ಗಾಳೆವ್ವ, ನಿನ್ನ ಮನಿ ನಿನಗ" ಎಂದ ಶಾಮೀದಸಾಬ.

ಆದರೆ ಹುಚ್ಚೀರಪ್ಪ ಹೆಂಡತಿಗೆ ಒದರಿದ್ದು ಇಡೀ ಓಣಿಗೆ ಕೇಳಿತ್ತು: "ನನ್ನ ಮ್ಯಾಲ ಸಾಕ್ಷಿ ಹೇಳಿ ನೋಡು, ಹೊರಗ ಹಾಕ್ತೀನಿ. ಮಕ್ಕಳ ಮಾರಿ ಮತ್ತ ತೋರ್ಸಾಂಗಿಲ್ಲ!"

ವಿಚಾರಣೆಯ ದಿನ ಅಂಗಡಿ ಮುಚ್ಚಿ ನಾನೂ ಹೋಗಿದ್ದೆ. ಮುನಸಫರಿಗೆ ಕನ್ನಡ ಬಾರದು. ಬೇರೆ ಯಾರೂ ಸಿಗದೆ, ಮಾತನ್ನು ಉರ್ದುವಿಗೆ ತಿರುಗಿಸಲು ಶಾಮೀದಸಾಬನನ್ನೇ ನಿಲ್ಲಿಸಿಕೊಂಡರು. ಕೀಲಿಕೈ ಯಾಕೆ ಕೊಟ್ಟಳೆಂದು ಕೇಳಿದಾಗ ಹುಲಿಗವ್ವ ಬಾಯಿ ತೆರೆದಳು, ಗಂಡನನ್ನು ನೋಡಿದಳು, ಸೆರಗು ಬಾಯಿಗಿಟ್ಟು ಅತ್ತಳು. ಮುನಸಫರು ಮತ್ತೆ ಕೇಳಿದರು. ಆಗ ಗಾಳೆಮ್ಮ ಎದ್ದು ನಿಂತಳು.

"ಆಕೀನ ಕೇಳಬ್ಯಾಡ್ರಿ. ನಾನ ಮನಿ ಬಿಟ್ಟಕೊಟ್ಟು ಹೋಗಿದ್ದೆ."

"ಏ ಗಾಳೆವ್ವ, ತೆಲಿ ಕೆಟ್ಟೈತೇನು ನಿಂದು?" ಎಂದು ಶಾಮೀದಸಾಬ ಕಚೇರಿಯಲ್ಲೇ ಕಿರುಚಿದ. ಏನು ಹೇಳುತ್ತಾಳೆ ಈಕೆ ಎಂದು ಮುನಸಫರು ಕೇಳಿದರು. ಅವನು ಗಾಳೆಮ್ಮನತ್ತ ತಿರುಗಿ ನೋಡಿ, ಅವಳು ಅಂದದ್ದನ್ನೇ ಉರ್ದುವಿನಲ್ಲಿ ಹೇಳಿದ. ದಾವೆ ಅಲ್ಲಿಗೇ ಮುಗಿಯಿತು.

ಹೊರಗೆ ಬಂದಾಗ ಗಾಳೆಮ್ಮನೇ ಅವನನ್ನು ಸಮಾಧಾನ ಮಾಡಿದಳು. "ನಂದು ಮನಿ ಹೋತು, ಅಷ್ಟರಿ. ಆಕಿಗೆ ಮಕ್ಕಳ ಹೋಗತಿದ್ದುವಲ್ರಿ ಸಾಬರ. ಮಕ್ಕಳಿಲ್ಲದ ಸಂಕಟ ನನಗ ಗೊತ್ತೈತಿ."

ತಳಕಲ್ಲಿನಲ್ಲಿದ್ದ ತಮ್ಮನ ಮನೆಗೆ ಹೋದವಳು ಮತ್ತೆ ಕೊಪ್ಪಳಕ್ಕೆ ಬರಲಿಲ್ಲ. ಅಲ್ಲೇ ತೀರಿಕೊಂಡಳಂತೆ. ಸುದ್ದಿ ಬಂದ ದಿನ ಶಾಮೀದಸಾಬ ಚಹಾ ಮುಟ್ಟಲಿಲ್ಲ. ನನಗೆ ತಡೆಯಲಾಗಲಿಲ್ಲ, ಕೇಳಿಯೇ ಬಿಟ್ಟೆ: "ಅವತ್ತ ದೀಪಾ ಹಚ್ಚಾಕ ಕೊಟ್ಟೀನಿ ಅಂತಾಳ ಅಂದಿದ್ರ ಮುನಸಫರಿಗೆ ಏನ ತಿಳೀತಿತ್ತರಿ? ಖರೇನೂ ಅದ ಇತ್ತಲ್ಲ?"

"ಹಂಗ ಹೇಳಬೇಕಂತನ ಬಾಯಿ ತೆರದಿದ್ದೆ" ಎಂದ. "ಗಾಳೆವ್ವ ನನ್ನ ಮಾರಿ ನೋಡಿ ಕೈ ಮುಗದ್ಲೋ."

ಅಷ್ಟು ಹೇಳಿ, ಊರಿಗೆಲ್ಲ ಬೈಯುತ್ತಿದ್ದ ಆ ಮನುಷ್ಯ ನನ್ನ ಅಂಗಡಿಯ ಕಟ್ಟೆಯ ಮೇಲೆ ಬಿಕ್ಕಿ ಬಿಕ್ಕಿ ಅತ್ತ.