ಎಡಗಡೆ ಸೀಟಿನ ಕಾವು

ಒಂಟಿ ಮನುಷ್ಯ ಎರಡು ಸೀಟಿನ ಕಾರು ಯಾಕೆ ಕಟ್ಟುತ್ತಾನೆ ಎಂದು ಅರಸೀಕೆರೆಯಲ್ಲಿ ನನ್ನನ್ನು ಕೇಳದವರಿಲ್ಲ. ಒಂದು ಸೀಟು ನನಗೆ, ಇನ್ನೊಂದು ನನ್ನ ಮಗಳಿಗೆ. ಇಷ್ಟು ಸುಲಭದ ಉತ್ತರವನ್ನು ನಾನು ಯಾರಿಗೂ ಕೊಡಲಿಲ್ಲ. ಕೊಟ್ಟಿದ್ದರೆ ಮಗಳೆಲ್ಲಿ, ಹೆಂಡತಿಯೆಲ್ಲಿ ಎಂಬ ಪ್ರಶ್ನೆಗಳು ಬೆನ್ನಿಗೇ ಬರುತ್ತಿದ್ದವು. ಬೇರೆಯವರ ಮನೆಯೊಳಗೆ ಇಣುಕಿ ನೋಡದಿದ್ದರೆ ನಮ್ಮೂರಿನವರಿಗೆ ಊಟ ಸೇರುವುದಿಲ್ಲ.

ಎರಡು ಸಾವಿರದ ಇಸವಿ ಕಳೆದು ಹೆಚ್ಚು ಕಾಲವಾಗಿರಲಿಲ್ಲ. ನಾನು ಐಟಿಐ ಒಂದರಲ್ಲಿ ಫಿಟ್ಟರ್ ಹುಡುಗರಿಗೆ ಮೇಷ್ಟ್ರು. ಹೆಂಡತಿಯಾಗಿದ್ದವಳು ಬೇಲೂರಿನಲ್ಲಿ ಶಾಲೆಯ ಟೀಚರ್. ಕೋರ್ಟಿಗೆ ಹೋಗಿ ಬೇರೆಯಾಗಿದ್ದೆವು. ಮಗಳು ತಾಯಿಯ ಹತ್ತಿರ, ಭಾನುವಾರದ ಮಟ್ಟಿಗೆ ನನ್ನ ಹತ್ತಿರ. ಬೆಳಿಗ್ಗೆ ಬಸ್ಸು ಹಿಡಿದು ಬೇಲೂರಿಗೆ ಹೋಗಿ, ಅವಳಿಗೆ ದೋಸೆ ಕೊಡಿಸಿ, ದೇವಸ್ಥಾನದ ಅಂಗಳದಲ್ಲಿ ಕೂತು ಅವಳ ಶಾಲೆಯ ಜಗಳಗಳನ್ನೆಲ್ಲ ಕೇಳಿ, ದೀಪ ಹಚ್ಚುವುದರೊಳಗೆ ಮನೆಗೆ ಬಿಟ್ಟು ಬರುತ್ತಿದ್ದೆ. ಉಳಿದ ಸಂಜೆಗಳಲ್ಲಿ ಮನೆಯ ಬೀಗ ತೆಗೆಯುವುದೇ ಬೇಜಾರು. ಕುಡಿತ ನನಗೆ ಒಗ್ಗಲಿಲ್ಲ. ಹಾಗಾಗಿ ಹಿತ್ತಿಲಿನ ಶೆಡ್ಡಿನಲ್ಲಿ ಕಾರು ಕಟ್ಟಲು ಕೂತೆ.

ಚೌಕ ಪೈಪುಗಳನ್ನು ವೆಲ್ಡ್ ಮಾಡಿದ ಚೌಕಟ್ಟು, ಗುಜರಿಯಲ್ಲಿ ಸಿಕ್ಕ ಜಖಂ ವ್ಯಾನಿನ ಇಂಜಿನ್ನು, ಫೈಬರಿನ ಮೈ. ನಿಂತು ನೋಡಿದರೆ ನನ್ನ ಸೊಂಟಕ್ಕೆ ಬರುತ್ತಿತ್ತು, ಅಷ್ಟೆ. ಸ್ಪೋರ್ಟ್ಸ್ ಕಾರು ಎಂದಮೇಲೆ ಮೂಗು ನೆಲ ಮೂಸುವಂತಿರಬೇಕು ಎಂದು ನನ್ನ ಹಟ. ಆ ಚೆಂದಕ್ಕಾಗಿ, ಇಂಜಿನ್ನನ್ನು ತಣ್ಣಗಿಡುವ ರೇಡಿಯೇಟರಿಗೆ ಗಾಳಿ ನುಗ್ಗಬೇಕಾದ ಬಾಯಿಯನ್ನು ಒಂದು ಗೇಣಿಗೂ ಕಡಿಮೆ ಎತ್ತರಕ್ಕೆ ಇಳಿಸಿಬಿಟ್ಟಿದ್ದೆ. ಊರವರು ಅದಕ್ಕೆ ಕಪ್ಪೆ ಎಂದು ಹೆಸರಿಟ್ಟರು. ಪೊಲೀಸರು ಕೈ ಅಡ್ಡ ಹಾಕಿ ನಿಲ್ಲಿಸಿ, ಕಾಗದಪತ್ರ ಕೇಳುವುದು ಬಿಟ್ಟು ಒಳಗೆ ಕೂತು ನೋಡಿ, ಮೊಣಕಾಲು ಉಜ್ಜಿಕೊಳ್ಳುತ್ತಾ ಇಳಿಯುತ್ತಿದ್ದರು.

ಮಗಳನ್ನು ಮೊದಲ ಸಲ ಕೂರಿಸಿಕೊಂಡು ಅರೇಹಳ್ಳಿ ಕಡೆಗೆ ಹೊರಟೆ. ಅದು ಏರಿನ ದಾರಿ, ಇಂಜಿನ್ನಿಗೆ ತುಂಬ ಕೆಲಸ. ಹೊಗೆಯ ಪೈಪು ಇಂಜಿನ್ನಿನ ಎಡಗಡೆಯಿಂದ ಇಳಿದು, ಅವಳು ಕಾಲಿಡುವ ತಗಡಿನ ಅಡಿಯಲ್ಲೇ ಹಾದು, ಹಿಂದಿನ ಸೈಲೆನ್ಸರಿಗೆ ಹೋಗುತ್ತಿತ್ತು. ನನ್ನ ಕಡೆ ಬರೀ ಬೆಚ್ಚಗೆ, ಅವಳ ಕಡೆ ದೋಸೆ ಹುಯ್ಯಬಹುದಾಗಿತ್ತು. ಅವಳೋ ಚಪ್ಪಲಿ ಬಿಚ್ಚಿ ಕಾಲು ಚಾಚಿದ್ದಳು. ಬೆಳ್ಳಿಯ ಗೆಜ್ಜೆ ತಗಡಿಗೆ ತಾಗಿ ಕಾದು ಕಾಲಿಗೆ ಬರೆ ಬಿತ್ತು. ಕಿರುಚಿದ್ದರೆ ನಿಲ್ಲಿಸುತ್ತಿದ್ದೆ. ಅವಳು ತುಟಿ ಕಚ್ಚಿಕೊಂಡು ಕೂತಿದ್ದಳು, ಅಪ್ಪ ಬೇಜಾರು ಮಾಡಿಕೊಳ್ಳುತ್ತಾನೆ ಎಂದು.

ಸಂಜೆ ಗೇಟಿನಲ್ಲೇ ಅವಳ ತಾಯಿ ಬರೆ ನೋಡಿದಳು. ದನಿ ಏರಿಸಲಿಲ್ಲ. ಏರಿಸಿದ್ದರೇ ಚೆನ್ನಾಗಿತ್ತು.

“ಇನ್ನೊಂದ್ಸಲ ಇವಳ ಕಾಲು ಸುಟ್ರೆ ನೀವು ಭಾನುವಾರ ಬರೋದೇ ಬೇಡ,” ಎಂದಳು.

“ಕಾವು ಇಳಿಸ್ತೀನಿ,” ಎಂದೆ.

“ಇಳ್ಸಿ. ನಾನು ಕೈಯಿಟ್ಟು ನೋಡಿ ಆಮೇಲೆ ಹೇಳ್ತೀನಿ.”

ಅರಸೀಕೆರೆಯಲ್ಲಿ ಬೆಳೆದವನಿಗೆ ಮೊದಲು ಹೊಳೆಯುವುದು ತೆಂಗಿನ ನಾರೇ. ಪೈಪಿಗೂ ತಗಡಿಗೂ ನಡುವೆ ನಾರಿನ ಚಾಪೆ ತುರುಕಿ ಇಂಜಿನ್ನು ಓಡಿಸಿದೆ. ಸ್ವಲ್ಪ ಹೊತ್ತಿಗೆ ಶೆಡ್ಡಿನ ತುಂಬ ಹೊಗೆ. ಪಕ್ಕದ ಮನೆಯ ಅಜ್ಜಿ ಕಾಂಪೌಂಡಿನ ಮೇಲೆ ತಲೆ ಹಾಕಿ, “ಏನ್ ಮೇಷ್ಟ್ರೇ, ಕಾಯಿಮಟ್ಟೆ ಸುಡ್ತಾ ಇದೀರಾ? ಬೀದಿಗೆಲ್ಲ ವಾಸ್ನೆ ಬತ್ತಾ ಐತೆ!” ಎಂದರು. ಕಾರಿನ ಕೆಲಸ ಎಂದರೆ ಇನ್ನೂ ನಗುತ್ತಾರೆಂದು ಹೌದು ಎಂದುಬಿಟ್ಟೆ.

ಕಾವನ್ನು ಅಡಗಿಸಿಡಲು ಹೋದರೆ ಅದು ಸುಡುತ್ತದೆ, ಹೊರಗೆ ಹೋಗಲು ದಾರಿ ಬಿಟ್ಟರೆ ತಾನೇ ಹೋಗುತ್ತದೆ. ಹುಡುಗರಿಗೆ ಬೋರ್ಡಿನ ಮೇಲೆ ಬರೆದು ಕಲಿಸುತ್ತಿದ್ದ ಪಾಠವೇ. ಅಕ್ಕಿ ಗಿರಣಿಯ ಬಾಯ್ಲರಿಗೆ ಸುತ್ತುವ ಕಲ್ನಾರಿನ ಹಗ್ಗ ತಂದು, ಕಾವು ಹೊಗೆಯ ಜೊತೆಗೇ ಹಿಂದಕ್ಕೆ ಹೋಗಲೆಂದು ಪೈಪಿಗೆ ಬಿಗಿಯಾಗಿ ಸುತ್ತಿ ತಂತಿ ಕಟ್ಟಿದೆ. ಮಗಳು ಕಾಲಿಡುವ ತಗಡಿನ ಕೆಳಗೆ ಬೆರಳಗಲದ ಸಂದು ಬಿಟ್ಟು ಇನ್ನೊಂದು ತಗಡು ಕೂರಿಸಿ, ಆ ಸಂದಿನೊಳಗೆ ಗಾಳಿ ಹಾಯುವಂತೆ ಹಿಂದೆ ಮುಂದೆ ತೆರೆದಿಟ್ಟೆ. ಕೊನೆಗೆ, ನುಣ್ಣಗೆ ಉಜ್ಜಿ ಬಣ್ಣ ಹೊಡೆದಿದ್ದ ಬಾನೆಟ್ಟನ್ನೇ ಕೊಯ್ದು, ಬಿಸಿಗಾಳಿ ಮೇಲೇಳಲು ಸೀಳುಗಳನ್ನು ಮಾಡಿದೆ. ಗರಗಸ ಹಾಕುವಾಗ ಹೊಟ್ಟೆ ಉರಿಯಿತು.

ಸರಿಹೋಯಿತೇ ಎಂದು ತಿಳಿಯಲು ಜೊತೆಗೆ ಕೂರುವವರು ಬೇಕಲ್ಲ. ಎಡಗಡೆಯ ತಗಡಿನ ಮೇಲೆ ಒಂದು ಮೇಣದಬತ್ತಿಯನ್ನು ಮಲಗಿಸಿ ಜಾವಗಲ್ಲಿನವರೆಗೆ ಓಡಿಸಿಕೊಂಡು ಹೋಗುತ್ತಿದ್ದೆ. ಮೊದಮೊದಲು ಅದು ತಗಡಿಗೇ ಅಂಟಿಕೊಳ್ಳುತ್ತಿತ್ತು. ಒಂದೊಂದು ಸಲ ದಾರಿಯಲ್ಲಿ ಅದರ ಜೊತೆ ಮಾತಾಡುತ್ತಿದ್ದೆ. ನಗಬೇಡಿ, ಬೇರೆ ಯಾರಿದ್ದರು? ಆ ವರ್ಷ ನನ್ನ ಕಾರಿನಲ್ಲಿ ಅತಿ ಹೆಚ್ಚು ಪ್ರಯಾಣ ಮಾಡಿದ್ದು ಆ ಮೇಣದಬತ್ತಿಯೇ.

ಒಂದು ದಿನ ಮೇಣದಬತ್ತಿ ಕರಗದೆ ನೆಟ್ಟಗೆ ಉಳಿಯಿತು. ಮುಂದಿನ ಭಾನುವಾರ ಕಾರನ್ನೇ ಬೇಲೂರಿಗೆ ಓಡಿಸಿದೆ. ಅವಳ ತಾಯಿ ಹೇಳಿದ ಹಾಗೇ ಬಂದು ಬಗ್ಗಿ, ತಗಡಿನ ಮೇಲೆ ಅಂಗೈಯಿಟ್ಟು, ತುಂಬ ಹೊತ್ತು ಹಾಗೇ ಹಿಡಿದಳು. “ಮುಂದಿನ ವಾರ ಕರ್ಕೊಂಡು ಹೋಗಿ,” ಎಂದಳು.

ಆ ಮುಂದಿನ ವಾರ ಆಯುಧಪೂಜೆ ಆಗತಾನೆ ಮುಗಿದಿತ್ತು. ಬೇಲೂರಿನ ಸೈಕಲ್ಲಿಗೂ ಹಾರ, ಆಟೋಗೂ ಹಾರ. ನಾನು ಗೇಟಿನ ಮುಂದೆ ನಿಲ್ಲಿಸಿದರೆ ಮಗಳ ಹಿಂದೆ ಅವಳ ತಾಯಿಯೂ ಬಂದಳು, ಕೈಯಲ್ಲಿ ಚೆಂಡುಹೂವಿನ ದಪ್ಪ ಹಾರ. ನೆಲಕ್ಕೆ ಕೂತು, ಕಾರಿನ ಬಾಯಿಗೆ ಅಡ್ಡಲಾಗಿ ಆ ಹಾರವನ್ನು ಎರಡು ಸುತ್ತು ಕಟ್ಟಿ, ಕುಂಕುಮವಿಟ್ಟು, ಚಕ್ರದಡಿ ನಿಂಬೆಹಣ್ಣು ಇಟ್ಟಳು. ಗಾಳಿಯ ದಾರಿ ಪೂರ್ತಿ ಮುಚ್ಚಿತು ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಒಂದು ಮಾತು ಹೇಳಿದ್ದರೆ ಅವಳೇ ಬಿಚ್ಚಿ ಮೇಲೆ ಕಟ್ಟುತ್ತಿದ್ದಳು. ಆದರೆ ನನ್ನದೆನ್ನುವ ವಸ್ತುವೊಂದಕ್ಕೆ ಅವಳು ಹೂವು ಮುಡಿಸುತ್ತಿದ್ದಾಳೆ. ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ ಹೊರಟೆ.

ಹುಲಿಕೆರೆಯ ಮೆಟ್ಟಿಲ ಕೊಳ ನೋಡಬೇಕೆಂದು ಮಗಳ ಆಸೆ. ದಾರಿಯುದ್ದಕ್ಕೂ ಅವಳು ಮಾತಾಡಿದಳು, ನಾನು ಇಂಜಿನ್ನಿನ ಕಾವು ತೋರಿಸುವ ಸೂಜಿ ನೋಡಿದೆ. ಹಳೇಬೀಡು ದಾಟುವಾಗಲೇ ಅದು ಕೆಂಪು ಗೆರೆ ಮುಟ್ಟಿತ್ತು. ನಿಲ್ಲಿಸಿ ಹಾರ ಸರಿಸಬಹುದಿತ್ತು. ಇನ್ನೊಂದು ಸ್ವಲ್ಪ, ಇನ್ನೊಂದು ಸ್ವಲ್ಪ ಎಂದು ಓಡಿಸಿದೆ. ಬಾನೆಟ್ಟಿನ ಸೀಳುಗಳಿಂದ ಉಗಿ ಎದ್ದು ಕಣ್ಣಿಗೇ ಬಡಿದಾಗ ರಾಗಿ ಹೊಲವೊಂದರ ಪಕ್ಕ ನಿಂತೆವು.

“ಅಪ್ಪಾ, ನನ್ ಕಾಲು ತಣ್ಣಗೇ ಇದೆ,” ಎಂದಳು ಮಗಳು, ಬೇರೇನೂ ಕೇಳುವ ಮೊದಲು.

ಬದುವಿನ ಮೇಲೆ ಕೂತೆವು. ಇಂಜಿನ್ನು ಆರುವವರೆಗೆ ರೇಡಿಯೇಟರಿನ ಮುಚ್ಚಳ ಮುಟ್ಟುವಂತಿರಲಿಲ್ಲ. ಅವಳು ಕಾರಿನ ಮೂತಿಯನ್ನೇ ನೋಡುತ್ತಿದ್ದಳು.

“ಹೂವಿಂದ ಹೀಗಾಯ್ತಾ?”

“ಹೂಂ.”

“ನಿಂಗೆ ಮೊದ್ಲೇ ಗೊತ್ತಿತ್ತಾ? ಮತ್ತೆ ಯಾಕೆ ಬಿಟ್ಟೆ?”

“ನಿಮ್ಮಮ್ಮ ಕಟ್ಟಿದ್ದಲ್ವೇನೇ,” ಎಂದೆ.

ಅವಳು ಹುಲ್ಲು ಕಿತ್ತು ಕಿತ್ತು ಎಸೆದಳು. ಆಮೇಲೆ ನನ್ನ ಕಡೆ ನೋಡದೆ ಹೇಳಿದಳು. “ಅಮ್ಮ ಕಟ್ಟಲ್ಲ ಅಂದ್ಲು ಅಪ್ಪ. ಹಾರ ತಂದಿದ್ದು ನಾನು. ಹಟ ಮಾಡಿ ಕಟ್ಟಿಸ್ದೆ. ಅಮ್ಮನ ಕೈಯಲ್ಲಿ ಕಟ್ಟಿಸಿದ್ರೆ ನಿಂಗೆ ಖುಷಿಯಾಗುತ್ತೆ ಅಂತ.”

ನನಗೆ ಅಳು ಬಂತು. ತಡೆಯಲು ನೋಡಿದೆ, ಆಗಲಿಲ್ಲ. ಹೋದದ್ದು ಹೋಯಿತು ಎಂದು ಆಗಲೇ ಸರಿಯಾಗಿ ಗೊತ್ತಾದದ್ದು. ನನಗೆ ಏನು ಬೇಕು ಎಂದು ಈ ಪುಟ್ಟ ಹುಡುಗಿ ಎಷ್ಟು ದಿನದಿಂದ ಕೂತು ಯೋಚಿಸಿದ್ದಳೋ. ಅವಳು ನನ್ನ ಅಂಗಿಯ ತೋಳು ಹಿಡಿದುಕೊಂಡಿದ್ದಳು.

ಹಾರ ಬಿಚ್ಚಿ ಹೊಲದ ಬೇಲಿಗೆ ಹಾಕಿ, ನೀರು ತುಂಬಿಸಿ ಹೊರಡುವಾಗ ಹೊತ್ತಾಗಿತ್ತು. ಕೊಳ ನೋಡದೆ ಹಿಂದಿರುಗಿದೆವು. ಗೇಟಿನಲ್ಲಿ ಅವಳ ತಾಯಿ ಮಗಳ ಎರಡೂ ಕಾಲುಗಳನ್ನು ಮುಟ್ಟಿ ನೋಡಿ, “ಸರಿ, ಮುಂದಿನ ವಾರಾನೂ ಬನ್ನಿ,” ಎಂದಳು. ಕಾರಿನ ಮೂತಿ ಬೋಳಾಗಿತ್ತು. ಹಾರ ಎಲ್ಲಿ ಹೋಯಿತು ಎಂದು ಅವಳು ಕೇಳಲಿಲ್ಲ. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು, ಹಾಗಾಗಿ ನಾನು ನಕ್ಕೆ.