ಸಿದ್ದಣ್ಣ ಕರೆಂಟ್ ಆಫ್ ಮಾಡಿದ್ದು

ನಿನ್ನೆ ಕೊರಿಯರಿನಲ್ಲಿ ಒಂದು ಪವರ್ ಸಪ್ಲೈ ಬಂತು. ಹೆಸರು ಕೇಳಿ ಗಾಬರಿಯಾಗಬೇಡಿ, ಬಿಸ್ಕತ್ತಿನ ಡಬ್ಬದಷ್ಟು ದೊಡ್ಡದು, ಅಷ್ಟೆ. ಗೋಡೆಯಿಂದ ಇನ್ನೂರ ಮೂವತ್ತು ವೋಲ್ಟ್ ಎಳೆದುಕೊಂಡು, ರಿಪೇರಿಯವನು ಐದು ಕೇಳಿದರೆ ಐದು, ಹನ್ನೆರಡು ಕೇಳಿದರೆ ಹನ್ನೆರಡು ಕೊಡುತ್ತದೆ. ಸ್ವಿಚ್ ಹಾಕಿದೆ. ಒಳಗಿನ ಟ್ರಾನ್ಸ್‌ಫಾರ್ಮರ್ ಬಿಸಿಯಾಗಿ ಹೊಸ ವಾರ್ನಿಷ್ಷಿನ ವಾಸನೆ ಮನೆಯೆಲ್ಲ ಹರಡಿತು. "ಏನ್ ಸುಟ್ರಿ?" ಅಂದಳು ಹೆಂಡತಿ, ಅಡುಗೆಮನೆಯಿಂದಲೇ. ಮದುವೆಯಾದಾಗಿನಿಂದ ನನ್ನ ಕಸುಬಿನ ಬಗ್ಗೆ ಅವಳು ಕೇಳಿರುವ ಪ್ರಶ್ನೆ ಇದೊಂದೇ. ಏನೂ ಸುಟ್ಟಿರಲಿಲ್ಲ. ಆದರೆ ಆ ವಾಸನೆಗೆ ಸಿದ್ದಣ್ಣ ನೆನಪಾದರು.

ಬಿಡದಿ ಕಡೆ ಒಂದೊಂದೇ ಫ್ಯಾಕ್ಟರಿ ಏಳುತ್ತಿದ್ದ ಕಾಲವದು. ರಾಮನಗರದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದೆ ನನ್ನ ರಿಪೇರಿ ಅಂಗಡಿ. ಒಂದು ಫ್ಯಾಕ್ಟರಿಯವರು ಕೆಟ್ಟ ಕಂಟ್ರೋಲ್ ಬೋರ್ಡುಗಳನ್ನು ಚೀಲದಲ್ಲಿ ತುಂಬಿ ತಂದು ಸುರಿಯುತ್ತಿದ್ದರು. ನನ್ನ ಜೊತೆಗಿದ್ದವರು ಸಿದ್ದಣ್ಣ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಕೋಡಿಹಳ್ಳಿಯವರು, ಹಳೆಯ ರೇಡಿಯೊ ಮೆಕ್ಯಾನಿಕ್ಕು. ರೇಡಿಯೊ ಕೇಳುವವರು ಇಲ್ಲವಾದ ಮೇಲೆ ಊರಲ್ಲಿ ಸುಮ್ಮನೆ ಕೂತಿದ್ದವರನ್ನು ನಾನೇ ಕರೆತಂದಿದ್ದೆ. ಬೆಳಗಿನ ಮೊದಲ ಬಸ್ಸಿಗೆ ಬಂದು ಬಾಗಿಲು ತೆಗೆಯುವರು, ಸಂಜೆ ನಾಲ್ಕಕ್ಕೆ ಚೀಲ ಕಟ್ಟುವರು. ನಾನು ಡಿಪ್ಲೊಮಾ. ಅವರಿಗೆ ಇಂಗ್ಲಿಷ್ ಅಕ್ಷರ ಬಾರದು. ಆದರೂ ಬೋರ್ಡಿನ ಕಾಯಿಲೆ ಮೊದಲು ಗೊತ್ತಾಗುತ್ತಿದ್ದುದು ಯಾರಿಗೆ ಅಂತ ಮಾತ್ರ ಕೇಳಬೇಡಿ.

ಬೋರ್ಡು ಪರೀಕ್ಷಿಸಲು ಒಂದು ಸಪ್ಲೈ ಬೇಕಿತ್ತು. ಬೆಂಗಳೂರಿನ ಅಂಗಡಿಯೊಂದರಲ್ಲಿ ಇದ್ದುದರಲ್ಲೇ ಅಗ್ಗದ್ದನ್ನು ತಂದೆ. "ಒಂದು ವಾರ ನೋಡಿ ಸಾರ್, ಸರಿಬರಲಿಲ್ಲ ಅಂದ್ರೆ ವಾಪಸ್ ತನ್ನಿ" ಅಂದಿದ್ದ ಅಂಗಡಿಯವನು. ನೋಡಿದೆವು. ಜೀಪಿನ ಹೆಡ್‌ಲೈಟ್ ಬಲ್ಬು ಕಟ್ಟಿ ಭಾರ ಹೇರಿದರೂ ವೋಲ್ಟು ಕುಸಿಯಲಿಲ್ಲ. ನಮ್ಮ ಮೀಟರಿಗೂ ಸಪ್ಲೈಯ ಮುಳ್ಳಿಗೂ ತುಸು ಜಗಳವಿತ್ತು, ಅಂಥದ್ದೇನಲ್ಲ. ಕೊನೆಗೆ ಸಿದ್ದಣ್ಣ ಅದಕ್ಕೊಂದು ಟ್ರಾನ್ಸಿಸ್ಟರ್ ರೇಡಿಯೊ ಸಿಕ್ಕಿಸಿ, ಕಿವಿಗಿಟ್ಟು ಕಣ್ಣು ಮುಚ್ಚಿದರು. "ಒಸಿ ಗುಂಯ್ ಅಂತೈತೆ. ಆದ್ರೂ ಮೋಸ ಇಲ್ಲ ಕಣಪ್ಪ." ಆಮೇಲೆ ಮುಂದಿದ್ದ ಎರಡು ನಾಬುಗಳನ್ನು ತೋರಿಸಿ, "ಇದೇನ್ ಬರ್ದವ್ರೆ?" ಅಂದರು.

"ಇದು ವೋಲ್ಟೇಜು. ಇದು ಕರೆಂಟು" ಅಂದೆ. ಕರೆಂಟಿನ ನಾಬನ್ನು ತುದಿಯವರೆಗೆ ತಿರುಗಿಸಿಟ್ಟವನು ಮತ್ತೆ ಅದರ ತಂಟೆಗೇ ಹೋಗಲಿಲ್ಲ.

ಎರಡನೆಯ ದಿನದಿಂದ ಸಪ್ಲೈ ವಿಚಿತ್ರವಾಗಿ ಆಡತೊಡಗಿತು. ಬೆಳಿಗ್ಗೆ ನಾನು ಬರುವಾಗ ಚೆನ್ನಾಗಿರುತ್ತಿತ್ತು, ಸಂಜೆ ನಾಲ್ಕಾಯಿತೋ, ಸತ್ತಿತು. ಡಬ್ಬದ ದೀಪ ಉರಿಯುತ್ತದೆ, ಒಳಗಿನ ಫ್ಯಾನು ತಿರುಗುತ್ತದೆ, ವೋಲ್ಟು ಮಾತ್ರ ಸೊನ್ನೆ. 'ಬಿಸಿಯಾದರೆ ಕೈಕೊಡುತ್ತದೆ' ಎಂದು ಪುಸ್ತಕದಲ್ಲಿ ಬರೆದೆ, ಕೆಳಗೆ ಗೆರೆಯನ್ನೂ ಎಳೆದೆ. ನಾಲ್ಕನೆಯ ದಿನ ಫ್ಯಾಕ್ಟರಿಯವನು ಬಂದು, ಶನಿವಾರದೊಳಗೆ ಬೋರ್ಡು ಬರದಿದ್ದರೆ ಬೇರೆಯವರಿಗೆ ಕೊಡುತ್ತೇವೆ ಎಂದು ಹೇಳಿಹೋದ. ಅವತ್ತೂ ನಾಲ್ಕಕ್ಕೆ ಸಪ್ಲೈ ಸತ್ತಿತು. ಸಿದ್ದಣ್ಣ ಚೀಲ ಕಟ್ಟುತ್ತಿದ್ದರು.

"ಏನ್ ಮಾಡಿದ್ರಿ ಇದಕ್ಕೆ?"

"ಏನೂ ಇಲ್ವಲ್ಲ. ಕರೆಂಟ್ ಆಫ್ ಮಾಡ್ದೆ."

ಬಗ್ಗಿ ನೋಡಿದೆ. ಗೋಡೆಯ ಸ್ವಿಚ್ಚು ಹಾಕಿಯೇ ಇತ್ತು. "ಎಲ್ಲಿ ಮಾಡಿದ್ರಿ?"

"ಮಾಡಿವ್ನಿ ಕಣಪ್ಪ. ದಿನಾ ಮಾಡೇ ಓಯ್ತೀನಿ." ಅವರು ಡಬ್ಬದ ಕಡೆ ಕೈ ಎತ್ತಿದರು. ನಾನು ಆ ಕಡೆ ನೋಡಲಿಲ್ಲ.

"ವಯಸ್ಸಾಯ್ತು, ಮರೆತೆ ಅನ್ನಿ, ಒಪ್ಕೋತೀನಿ. ಸುಳ್ಳು ಹೇಳಬೇಡಿ ಸಿದ್ದಣ್ಣ. ನಾಳೆಯಿಂದ ಬರೋದೂ ಬೇಡ."

ಎತ್ತಿದ ಕೈ ಕೆಳಗಿಳಿಯಿತು. ಅಂಗಡಿಯ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟರು. "ಆಯ್ತಪ್ಪ" ಅಂದು ಹೋದರು.

ಮಾರನೆಯ ಬೆಳಿಗ್ಗೆ ಸಪ್ಲೈ ಏಳಲೇ ಇಲ್ಲ. ಮುಟ್ಟಿ ಕೆಡಿಸಿ ಸುಳ್ಳು ಹೇಳಿದರು ಅಂತ ನನ್ನ ತೀರ್ಪು ಇನ್ನೂ ಗಟ್ಟಿಯಾಯಿತು. ಡಬ್ಬ ಹೊತ್ತುಕೊಂಡು ಬೆಂಗಳೂರಿಗೆ ಹೋದೆ. ಅಂಗಡಿಯವನು ಒಂದೇ ಬೆರಳಲ್ಲಿ ನಾಬು ತಿರುಗಿಸಿದ. ವೋಲ್ಟು ಬಂತು.

"ಕರೆಂಟ್ ಸೊನ್ನೇಲಿಟ್ರೆ ವೋಲ್ಟೇಜ್ ಎಲ್ಲಿಂದ ಬರುತ್ತೆ ಸಾರ್? ಏನ್ ಓದಿದೀರಾ?"

"ರೇಷ್ಮೆ ವ್ಯಾಪಾರ" ಅಂದೆ. ಆ ವಾರ ನಮ್ಮ ಅಂಗಡಿಯವರು ಹೇಳಿದ ಸುಳ್ಳು ಇದೊಂದೇ.

ಅಲ್ಲಿಂದಲೇ ಕನಕಪುರದ ಬಸ್ಸು ಹತ್ತಿ, ಬಸ್ಸು ಬದಲಿಸಿ, ಕೋಡಿಹಳ್ಳಿಯಲ್ಲಿ ಇಳಿದೆ. ಸಿದ್ದಣ್ಣ ಹಸುವಿಗೆ ಹುಲ್ಲು ಹಾಕುತ್ತಿದ್ದರು. ನಾಚಿಕೆಯಿಂದ ನನ್ನ ಮೈಯೆಲ್ಲ ಹಿಡಿಯಾಗಿತ್ತು. ಡಬ್ಬದ ಮೇಲಿರುವ ಕರೆಂಟು ಕಂಬದಿಂದ ಬರುವ ಕರೆಂಟಲ್ಲ, ಎಷ್ಟು ಹರಿಯಬೇಕು ಅನ್ನುವ ಲೆಕ್ಕ ಎಂದು ವಿವರಿಸಿದೆ.

"ಅದ್ನ ನಾವು ಆಂಪ್ಸು ಅಂತೀವಿ" ಅಂದರು. "ನೀನು ಕರೆಂಟು ಅಂದೆ. ನಾನು ಆ ನಾಬ್ ತಿರುಗ್ಸಿ ಕರೆಂಟ್ ಆಫ್ ಮಾಡ್ದೆ. ಪ್ಯಾನು ತಿರುಗ್ಲಿ, ತಣ್ಗಾಯ್ತದೆ ಅಂತ ಸ್ವಿಚ್ ಬುಟ್ಟಿದ್ದೆ. ಬೆಳಗಾಗೆದ್ದು ಬಂದು ಆನ್ ಮಾಡ್ತಿದ್ದೆ." ಕೈಯಲ್ಲಿದ್ದ ಹುಲ್ಲನ್ನು ಹಸುವಿನ ಮುಂದೆ ಹಾಕಿ, "ಅಂಗಾರೆ ನಾನು ಸುಳ್ ಏಳಿಲ್ಲ?" ಅಂದರು.

"ಇಲ್ಲ ಸಿದ್ದಣ್ಣ. ತಪ್ಪು ನನ್ನದು."

ಅವರು ಒಳಗೆ ಮುಖ ಮಾಡಿ ಕೂಗಿದರು. "ಬಾಮ್ಮೀ ಇಲ್ಲಿ. ಇವ್ರೇನಂತವ್ರೆ ಕೇಳು." ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದರು. ನಾನು ಇನ್ನೊಮ್ಮೆ ಹೇಳಿದೆ. ಆಕೆ ನನ್ನನ್ನೂ ಕಂಕುಳಲ್ಲಿದ್ದ ಡಬ್ಬವನ್ನೂ ನೋಡಿ, "ಇದ್ನ ಏಳಾಕೆ ಅಷ್ಟು ದೂರದಿಂದ ಬಂದ್ರಾ?" ಅಂದರು.

"ಬರ್ಬೇಕಾಗಿತ್ತು ಕಣಮ್ಮಿ" ಅಂದರು ಸಿದ್ದಣ್ಣ.

ಮರುದಿನ ಮೊದಲ ಬಸ್ಸಿಗೇ ಬಂದರು. ಬೋರ್ಡುಗಳು ಶನಿವಾರಕ್ಕೆ ಹೋದವು. ಆಮೇಲೆ ಎಂಟು ವರ್ಷ ಜೊತೆಗಿದ್ದರು. ಆ ಮಾತನ್ನು ಒಂದು ದಿನವೂ ಎತ್ತಲಿಲ್ಲ. ಎತ್ತಿ ಎರಡು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಈಗ ಅವರೂ ಇಲ್ಲ.

ಹೊಸ ಸಪ್ಲೈ ಇನ್ನೂ ಓಡುತ್ತಿದೆ. ಇಟ್ಟುಕೊಳ್ಳುವುದೋ ವಾಪಸ್ ಕಳಿಸುವುದೋ ತೀರ್ಮಾನಿಸಿಲ್ಲ. "ಇನ್ನೂ ಎಷ್ಟ್ ದಿನ ನೋಡ್ತೀರಿ ಅದನ್ನ?" ಅಂದಳು ಹೆಂಡತಿ, ಕಸುಬಿನ ಬಗ್ಗೆ ತನ್ನ ಎರಡನೆಯ ಪ್ರಶ್ನೆಯಾಗಿ. ಯಂತ್ರ ಚೆನ್ನಾಗಿದೆಯೋ ಇಲ್ಲವೋ ತಿಳಿಯಲು ವಾರವಾದರೂ ಬೇಕು ಅಂದೆ. ಅವತ್ತು ಸಿದ್ದಣ್ಣನಿಗೆ ನಾನು ಒಂದು ನಿಮಿಷವನ್ನೂ ಕೊಟ್ಟಿರಲಿಲ್ಲ.