ಹುಣಸೆ ಬೀಜ ಎಣಿಸುವ ಪಂತುಲಮ್ಮ

ಕಲ್ಯಾಣದುರ್ಗದ ಪೇಟೆ ಇನ್ನೂ ಎದ್ದಿಲ್ಲ. ಕೆಳಗಿನ ಬೀದಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಮಾತ್ರ ಕಂದೀಲು ಉರಿಯುತ್ತಿದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಸರ್ವಮಂಗಳಮ್ಮ ಕರಿಹಲಗೆಗೆ ಮಸಿ ಬಳಿಯುತ್ತಿದ್ದಾರೆ. ಅರೆದ ಇದ್ದಿಲಿಗೆ ತೊಂಡೆಸೊಪ್ಪಿನ ರಸ ಹಿಂಡಿ, ಹಳೆಯ ಬಟ್ಟೆಯ ಉಂಡೆಯನ್ನು ಅದರಲ್ಲಿ ಅದ್ದಿ, ಮೇಲಿನಿಂದ ಕೆಳಕ್ಕೆ ಒಂದೇ ಎಳೆತ. ನಡುವೆ ಕೈ ನಿಂತರೆ ಅಲ್ಲೊಂದು ಗೆರೆ ಉಳಿದುಬಿಡುತ್ತದೆ. ಹೊತ್ತು ಹುಟ್ಟುವ ಮೊದಲೇ ಮುಗಿಸಿದರೆ ಮಕ್ಕಳು ಬರುವಷ್ಟರಲ್ಲಿ ಹಲಗೆ ಒಣಗಿರುತ್ತದೆ.

ಇವತ್ತು ಕೈ ನಿಲ್ಲುತ್ತದೆ. ಬಾಗಿಲಲ್ಲಿ ಉಡುಸಲಮ್ಮ ನಿಂತಿದ್ದಾಳೆ. ಹನ್ನೊಂದು ವರ್ಷದ ಹುಡುಗಿ. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಎದೆಗೆ ಅವಚಿದ ಸ್ಲೇಟು. ಶಾಲೆ ಶುರುವಾಗಲು ಇನ್ನೂ ಎರಡು ಗಂಟೆಯಿದೆ. ಏನೋ ಹೇಳಲು ಬಂದವಳಂತೆ ತುಟಿ ಅಲುಗುತ್ತದೆ. ಸರ್ವಮಂಗಳಮ್ಮ ಏನೆಂದು ಕೇಳುವುದಿಲ್ಲ. ಮಸಿ ಮೊಣಕೈವರೆಗೆ ಇಳಿದರೂ ಉಂಡೆ ಹಿಡಿದ ಕೈ ಹಲಗೆಯ ಮೇಲೆಯೇ ಇದೆ. ಕಾಯುತ್ತಾರೆ. ಹುಡುಗಿ ತಲೆ ತಗ್ಗಿಸಿ ಒಳಗೆ ಬಂದು, ಮೂಲೆಯ ಪೊರಕೆ ತೆಗೆದುಕೊಂಡು ಗುಡಿಸತೊಡಗುತ್ತಾಳೆ. ಹಲಗೆಯ ನಡುವೆ ಗೆರೆ ಬಿದ್ದಾಗಿದೆ.

"ಏನು ಅಂತ ಕೇಳಿದ್ರೆ ಓಡೋಗ್ಬುಡ್ತಾಳೆ" ಎನ್ನುತ್ತಾರೆ, ಆಮೇಲೆ ಬಾವಿಕಟ್ಟೆಯಲ್ಲಿ ಕೈ ತೊಳೆಯುತ್ತಾ. "ವರ್ಷದ ಮೇಲೆ ಮೂರು ತಿಂಗಳಾಯ್ತು, ಶಾಲೇಲಿ ಅವಳ ಬಾಯಿಂದ ಒಂದು ಮಾತು ಬಂದಿಲ್ಲ. ಆ ಬಾಯಿ ಮುಚ್ಚಿಸಿದೋಳು ನಾನೇ."

ಮಕ್ಕಳಿಗೆ ಇವರು ಅಮ್ಮೋರು, ಊರಿಗೆಲ್ಲ ಪಂತುಲಮ್ಮ, ಎಂದರೆ ತೆಲುಗಿನಲ್ಲಿ ಮೇಷ್ಟ್ರಮ್ಮ. ಸೆಟ್ಟೂರಿನ ಕಾಳುಕಡಿ ವ್ಯಾಪಾರದ ಮನೆಯಲ್ಲಿ ಹುಟ್ಟಿ, ಹತ್ತೊಂಬತ್ತಕ್ಕೇ ಗಂಡನನ್ನು ಕಳೆದುಕೊಂಡು, ನೆಂಟರಿಷ್ಟರ ಕೊಂಕು ಕೇಳಿಸಿಕೊಳ್ಳುತ್ತಲೇ ಹಿಂದೂಪುರದಲ್ಲಿ ಟ್ರೈನಿಂಗ್ ಮುಗಿಸಿದವರು. ಈ ಶಾಲೆಗೆ ಬಂದು ಹದಿನೆಂಟು ವರ್ಷ. ಒಂದೇ ಕೋಣೆ, ಮೂರು ತರಗತಿ, ನಲವತ್ತಮೂರು ಹುಡುಗಿಯರು. ಮನೆಯಲ್ಲಿ ಕನ್ನಡ, ಪುಸ್ತಕದಲ್ಲಿ ತೆಲುಗು, ಆಟದಲ್ಲಿ ಎರಡೂ. ಒಬ್ಬರೇ ಪಂತುಲಮ್ಮ.

ಊರಿನಲ್ಲಿ ಅವರಿಗೆ ಹೆಸರು ಬಂದದ್ದು ಭಾಷಣದಿಂದ. ಹಿಂದೂಪುರದಲ್ಲಿ ಪ್ರತಿವರ್ಷ ನಡೆಯುವ ಬಾಲಕಿಯರ ಭಾಷಣ ಪಂದ್ಯದಲ್ಲಿ ಸತತವಾಗಿ ನಾಲ್ಕು ವರ್ಷ ಮೊದಲ ಬಹುಮಾನ ಇವರ ಶಾಲೆಗೇ ಬಂದಿತ್ತು. ಭಾಷಣ ಬರೆಯುವವರು ಅವರೇ, ಅದೂ ದೊಡ್ಡ ದೊಡ್ಡ ತೆಲುಗು ಮಾತುಗಳಲ್ಲಿ. ಕೈ ಎಲ್ಲಿ ಎತ್ತಬೇಕು, ದನಿ ಎಲ್ಲಿ ಇಳಿಸಬೇಕು ಎಂಬುದಕ್ಕೆ ಕೆಂಪು ಮಸಿಯ ಗುರುತು. ಹುಡುಗಿಯರಿಗೆ ಎರಡೇ ಕಟ್ಟಳೆ.

"ಮರ್ತೋದ್ರೆ ನಿಲ್ಲಬ್ಯಾಡ, ಮೊದಲಿಂದ ಸುರು ಮಾಡು. ಹೆದರಿಕೆ ಆದ್ರೆ ನನ್ನ ಮೊಕ ನೋಡು. ಇಷ್ಟೇ ಹೇಳಿಕೊಡ್ತಿದ್ದೆ. ಅರ್ಥ ಆಯ್ತಾ ಅಂತ ಒಬ್ಬಳನ್ನೂ ಕೇಳ್ತಿರಲಿಲ್ಲ. ಕೇಳೋಕೆ ಹೊತ್ತೆಲ್ಲಿತ್ತು? ಬಹುಮಾನ ಬರ್ತಿತ್ತಲ್ಲ!"

ಹೋದ ವರ್ಷದ ಜನವರಿಯಲ್ಲಿ, ಐದನೇ ಸಲ, ಅವರು ಕರೆದುಕೊಂಡು ಹೋದದ್ದು ಉಡುಸಲಮ್ಮನನ್ನು. ಕುರಿ ಮೇಯಿಸುವ ಈರಲಿಂಗಪ್ಪನ ಮಗಳು. ಅವಳಷ್ಟು ಗಟ್ಟಿ ಗಂಟಲಿನವಳು, ಅವಳಷ್ಟು ಬೇಗ ಬಾಯಿಪಾಠ ಮಾಡುವವಳು ಶಾಲೆಯಲ್ಲೇ ಇರಲಿಲ್ಲ. ವಿಷಯ 'ಸ್ತ್ರೀ ವಿದ್ಯೆ'. ಬಸ್ಸಿನಲ್ಲಿ ಹಿಂದೂಪುರ ಮುಟ್ಟುವಷ್ಟರಲ್ಲಿ ಹನ್ನೊಂದು ಸಲ ಒಪ್ಪಿಸಿದ್ದಳು. ವೇದಿಕೆಯ ಮೇಲೂ ಒಂದಕ್ಷರ ತಪ್ಪಲಿಲ್ಲ. ಸಭೆ ಚಪ್ಪಾಳೆ ತಟ್ಟಿತು. ಅಧ್ಯಕ್ಷತೆ ವಹಿಸಿದ್ದ ಹಿರಿಯರೊಬ್ಬರು ಅಕ್ಕರೆಯಿಂದ ಬಾಗಿ, "ಬಂಗಾರು ತಲ್ಲೀ, ನೀ ಪೇರೇಮಮ್ಮಾ?" ಎಂದು ಹೆಸರು ಕೇಳಿದರು.

ಭಾಷಣದಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಹುಡುಗಿ ಗಾಬರಿಯಾದಳು. ಹೇಳಿಕೊಟ್ಟ ಹಾಗೆಯೇ ಬಲಗೈ ಎತ್ತಿ, "ಗೌರವನೀಯುಲೈನ ಸಭಾಧ್ಯಕ್ಷುಲವಾರಿಕಿ..." ಎಂದು ಮೊದಲಿನಿಂದ ಶುರು ಮಾಡಿದಳು.

ಸಭೆಯೆಲ್ಲ ಗೊಳ್ಳೆಂದಿತು. ಆ ನಗೆಯ ನಡುವೆಯೂ ಅವಳು ನಿಲ್ಲಿಸಲಿಲ್ಲ. ನಿಲ್ಲಿಸಬಾರದೆಂದು ಹೇಳಿಕೊಟ್ಟಿದ್ದರಲ್ಲ. ಆಮೇಲೆ ಬಹುಮಾನವನ್ನೂ ಅವಳಿಗೇ ಕೊಟ್ಟರು.

ಇಷ್ಟನ್ನು ಸರ್ವಮಂಗಳಮ್ಮ ಸಲೀಸಾಗಿ ಹೇಳುತ್ತಾರೆ. ಉಳಿದದ್ದನ್ನು ಹೇಳುವ ಮೊದಲು, ತೊಳೆದ ಕೈಯನ್ನು ಇನ್ನೊಮ್ಮೆ ತೊಳೆಯುತ್ತಾರೆ.

"ನಾನೂ ನಕ್ಕೆ. ಮುಂದಿನ ಸಾಲಲ್ಲಿ ಕೂತಿದ್ದೆ. ಪಕ್ಕದೋರು ನಕ್ರು, ನಾನೂ ನಕ್ಬುಟ್ಟೆ. ಹೆದರಿಕೆ ಆದ್ರೆ ನನ್ನ ಮೊಕ ನೋಡು ಅಂದಿದ್ನಲ್ಲ, ಆ ಕೂಸು ನನ್ನೇ ನೋಡ್ತಿತ್ತು."

ವಾಪಸು ಬರುವಾಗ ಬಸ್ಸಿನಲ್ಲಿ ಹುಡುಗಿ ಮಾತಾಡಲಿಲ್ಲ. ಆಯಾಸವಿರಬೇಕು ಎಂದುಕೊಂಡರು. ಮರುದಿನವೂ ಮಾತಿಲ್ಲ, ಮುಂದಿನ ವಾರವೂ ಇಲ್ಲ. ಕೊನೆಗೆ ತಾಯಿ ಗಂಗಕ್ಕ ಮೊಸರಿನ ಗಡಿಗೆಯನ್ನು ತಲೆಯಿಂದ ಇಳಿಸದೆಯೇ ಶಾಲೆಯ ಬಾಗಿಲಿಗೆ ಬಂದು ಕೇಳಿಬಿಟ್ಟಳು: "ಮನೇಲಿ ಕುರಿಮರಿ ಜೊತೇಗೂ ವಟವಟ ಅಂತಾಳೆ ಕಣಮ್ಮೋ. ಇಲ್ಲಿಗೆ ಬಂದ್ರೆ ಬಾಯಿಗೆ ಬೀಗ ಹಾಕ್ಕಂಡಂಗಿರ್ತಾಳಂತೆ. ಏನ್ ಮದ್ದು ಇಕ್ಕಿದ್ರಿ ನನ್ ಮಗಳಿಗೆ?" ಪಂತುಲಮ್ಮನ ಮುಖ ನೋಡಿ ಗಂಗಕ್ಕನೇ ಮೆತ್ತಗಾಗಿ, ಗಡಿಗೆ ಇಳಿಸಿ ಒಂದು ಲೋಟ ಮೊಸರು ಅಳೆದಿಟ್ಟು ಹೋದಳು. ಆ ಮೊಸರು ಸಂಜೆಯವರೆಗೂ ಹಾಗೆಯೇ ಇತ್ತು.

ಮರುದಿನದಿಂದ ಭಾಷಣ ಬರೆಯುವುದು ನಿಂತಿತು. ಮೇಜಿನ ಮೇಲೆ ಒಂದು ತಗಡಿನ ಡಬ್ಬಿ ಬಂತು. ಪಕ್ಕದಲ್ಲಿ ಉಡುಸಲಮ್ಮ ಗೆದ್ದು ತಂದ ಬೆಳ್ಳಿ ಬಣ್ಣದ ಬಟ್ಟಲು. ಪಂತುಲಮ್ಮ ಒಂದು ಪ್ರಶ್ನೆ ಕೇಳಿದರೆ ಡಬ್ಬಿಗೆ ಒಂದು ಹುಣಸೆ ಬೀಜ. ಮಕ್ಕಳು ಕೇಳಿದರೆ ಬಟ್ಟಲಿಗೆ. ಸಂಜೆ ಎಲ್ಲರೂ ಹೋದ ಮೇಲೆ ಎಣಿಸಿ, ನೋಟುಬುಕ್ಕಿನಲ್ಲಿ ಬರೆದಿಡುವುದು. ಮೊದಲ ದಿನದ ಲೆಕ್ಕ ಈಗಲೂ ಅದರಲ್ಲಿದೆ: ಡಬ್ಬಿಯಲ್ಲಿ ನೂರಹನ್ನೆರಡು, ಬಟ್ಟಲು ಖಾಲಿ. ಕೆಳಗೆ ಒಂದು ಸಾಲು: 'ಇಡೀ ದಿನ ನಾನೇ ಮಾತಾಡಿದ್ದೇನೆ.'

ಮಕ್ಕಳು ಈ ಆಟವನ್ನು ಬೇಗ ಕಲಿತರು. "ಅಮ್ಮೋರೇ, ನಿಮಗೆ ಎಷ್ಟು ಹಲ್ಲವೆ?" ಎಂದು ಒಬ್ಬಳು, "ರಾತ್ರಿ ಏನ್ ಸಾರು?" ಎಂದು ಇನ್ನೊಬ್ಬಳು. ಅಂಥವಕ್ಕೂ ಬೀಜ ಬಿದ್ದಿದೆ, ಉತ್ತರವೂ ಸಿಕ್ಕಿದೆ. ಹಲ್ಲು ಇಪ್ಪತ್ತಾರು. ಈಗ ದಿನಕ್ಕೆ ಡಬ್ಬಿಯಲ್ಲಿ ನಲವತ್ತು, ಬಟ್ಟಲಲ್ಲಿ ಹದಿನೈದು ಇಪ್ಪತ್ತು. ಪಾಠ ಮುಗಿಯುವುದು ತಡವಾಗುತ್ತದೆ. ತಪಾಸಣೆಗೆ ಬಂದವರು ಗದ್ದಲದ ಶಾಲೆ ಎಂದು ಬರೆದುಹೋಗಿದ್ದಾರೆ. ಬಹುಮಾನ ಮಾತ್ರ ಮತ್ತೆ ಬಂದಿಲ್ಲ.

ಹಿಂದೂಪುರದ ಟ್ರೈನಿಂಗ್ ಶಾಲೆಯ ಶ್ರೀರಾಮುಲು ಮೇಷ್ಟ್ರು ಈ ಬೀಜದ ಸುದ್ದಿ ಕೇಳಿ, ಇವರನ್ನು ಅಲ್ಲಿ ಮಾತಾಡಲು ಎರಡು ಸಲ ಕರೆಸಿದ್ದಾರೆ. ಮದರಾಸಿನ ಕಾಲೇಜಿನಲ್ಲಿ ಓದಿ ಬಂದವರು. "ಅಲ್ಲಿ ಇದರ ಮೇಲೆ ದಪ್ಪ ದಪ್ಪ ಪುಸ್ತಕ ಬರ್ದವ್ರೆ ಕಣಮ್ಮ, ಬೀಜ ಎಣಿಸಿದೋರು ಮಾತ್ರ ಯಾರೂ ಇಲ್ಲ" ಎಂದು ನಕ್ಕರಂತೆ. ಟ್ರೈನಿಂಗಿನ ಹುಡುಗರೆಲ್ಲ ಬರೆದುಕೊಂಡರು.

"ಎರಡು ಸಲವೂ, ಸಭೆ ನಕ್ಕಿದ್ದರ ತನಕ ಮಾತ್ರ ಹೇಳಿದೆ" ಎನ್ನುತ್ತಾರೆ ಸರ್ವಮಂಗಳಮ್ಮ. "ನಾನು ನಕ್ಕಿದ್ದು ಬಾಯಿಗೆ ಬರಲಿಲ್ಲ. ಮಕ್ಕಳಿಗೆ ಮಾತು ಕಲಿಸೋಳು, ನೋಡಿ. ಆ ಬಟ್ಟಲಿಗೆ ಅವಳದೊಂದು ಬೀಜ ಬಿದ್ರೆ ಸಾಕು. ಏನಾರ ಕೇಳ್ಲಿ. ನನಗೆ ಗೊತ್ತಿಲ್ಲದ್ದೇ ಕೇಳ್ಲಿ."

ಹೊತ್ತು ಏರುತ್ತದೆ. ಕೋಣೆ ತುಂಬುತ್ತದೆ. ಹಾಜರಿ ಮುಗಿಯುತ್ತಿದ್ದಂತೆ ಒಂದನೇ ತರಗತಿಯ ಪುಟ್ಟ ಪಾಪಕ್ಕ ಹಲಗೆ ನೋಡಿ ಎದ್ದು ನಿಲ್ಲುತ್ತಾಳೆ.

"ಅಮ್ಮೋರೇ, ಹಲಗೆ ಮ್ಯಾಲೆ ಅದೇನು ಗೆರೆ?"

ಬಟ್ಟಲಲ್ಲಿ ಟಣ್ಣೆಂದು ಮೊದಲ ಬೀಜ. "ಬಳಿಯೋವಾಗ ಕೈ ನಿಂತೋಯ್ತು ಕಣಮ್ಮ."

"ಯಾಕ್ ನಿಂತೋಯ್ತು?"

ಇನ್ನೊಂದು ಬೀಜ. "ಯಾರೋ ಏನೋ ಕೇಳಾಕೆ ಬಂದಂಗಾಯ್ತು. ಕೇಳ್ಲಿ ಅಂತ ಕಾಯ್ತಾ ನಿಂತೆ."

ಹುಡುಗಿಯರು ಕಿಸಕ್ಕನೆ ನಗುತ್ತಾರೆ. ಆ ನಗೆ ಇನ್ನೂ ಮುಗಿದಿಲ್ಲ, ಹಿಂದಿನ ಸಾಲಿನ ಗೋಡೆಯ ಬದಿಯಲ್ಲಿ ಉಡುಸಲಮ್ಮ ಎದ್ದು ನಿಲ್ಲುತ್ತಾಳೆ. ಒಬ್ಬೊಬ್ಬರಾಗಿ ಎಲ್ಲರೂ ಹಿಂತಿರುಗಿ ನೋಡುತ್ತಾರೆ. ಸರ್ವಮಂಗಳಮ್ಮ ಬೆರಳ ತುದಿಯಲ್ಲಿ ಬೀಜ ಹಿಡಿದು ಕಾಯುತ್ತಾರೆ. ಮುಖವನ್ನು ಅವರು ಅತ್ತಿತ್ತ ತಿರುಗಿಸುವುದಿಲ್ಲ. ಹಿಂದೆ ಹೇಳಿಕೊಟ್ಟ ಹಾಗೆಯೇ ಹುಡುಗಿ ಆ ಮುಖವನ್ನೇ ನೋಡುತ್ತಿದ್ದಾಳೆ.

"ಅಮ್ಮೋರೇ" ಎನ್ನುತ್ತಾಳೆ. ಅದೇ ಗಟ್ಟಿ ಗಂಟಲು, ಎಲ್ಲರಿಗೂ ಕೇಳುವ ಹಾಗೆ. "ಅವತ್ತು ಹಿಂದೂಪುರದಲ್ಲಿ ನೀವ್ಯಾಕೆ ನಕ್ರಿ?"